ವರ್ಷಗಟ್ಟಲೆ ನಿಂತ ಬೈಕನ್ನು ಮತ್ತೆ ನೆಟ್ಟಗೆ ಓಡಿಸುವುದು ಹೇಗೆ

ನಮ್ಮ ವಿಜಯಪುರದ ಕಡೆ ಸುಮ್ನೆ ನಿಂತ ಗಾಡಿಗಳಿಗೆ ಬರವಿಲ್ಲ. ಮಗ ದುಡಿಯೋಕೆ ಗೋವಾಕ್ಕೋ ಪುಣೆಗೋ ಹೋಗಿರುತ್ತಾನೆ, ಅವನ ಗಾಡಿ ಊರಲ್ಲಿ ದನ ಕಟ್ಟುವ ಜಾಗದ ಪಕ್ಕ, ಕಣಕಿ ಬಣವೆಯ ಮಗ್ಗುಲಲ್ಲಿ ಎರಡು ಮೂರು ವರ್ಷ ಹಾಗೇ ಇರುತ್ತದೆ. ಇಲ್ಲವೇ ಮನೆಗೆ ಹೊಸ ಗಾಡಿ ಬಂದಿರುತ್ತದೆ, ಹಳೆಯದು ಮೂಲೆ ಸೇರಿರುತ್ತದೆ. ಇಂಥ ಸ್ಪ್ಲೆಂಡರ್, ಪ್ಲಾಟಿನಾ, ಡಿಸ್ಕವರ್‌ಗಳು ಕಡಿಮೆ ರೇಟಿಗೆ ಸಿಗುತ್ತವೆ, ಎಂಜಿನ್ ಒಳಗಿನಿಂದ ಚೆನ್ನಾಗಿಯೂ ಇರುತ್ತವೆ. ಆದರೆ ತಂದ ದಿನವೇ ಹೆಚ್ಚಿನವರು ಮಾಡುವ ಕೆಲಸ ಏನು ಹೇಳಿ? ಒಂದು ಲೀಟರ್ ಪೆಟ್ರೋಲ್ ಸುರಿದು, ಚೋಕ್ ಎಳೆದು, ಬೆವರು ಇಳಿಯುವ ತನಕ ಕಿಕ್ ಹೊಡೆಯುವುದು. ದಯವಿಟ್ಟು ಅದನ್ನು ಮಾಡಬೇಡಿ.

ಗಾಡಿ ಸ್ಟಾರ್ಟ್ ಆಗೋದು ಬೇರೆ, ನೆಟ್ಟಗೆ ಓಡೋದು ಬೇರೆ. ಹೇಗೋ ಸ್ಟಾರ್ಟ್ ಮಾಡಿ, ಆಮೇಲೆ ಐಡಲ್ ಸ್ಕ್ರೂ (ಆಕ್ಸಿಲರೇಟರ್ ಕೊಡದಾಗ ಎಂಜಿನ್ ಓಡುವ ವೇಗ ಹೊಂದಿಸುವ ಸ್ಕ್ರೂ) ಏರಿಸಿ, ಅರ್ಧ ಚೋಕ್‌ನಲ್ಲೇ ಓಡಿಸಿಕೊಂಡು "ಹಳೇ ಗಾಡಿ, ಹೀಗೇ ಇರುತ್ತೆ" ಅಂದುಕೊಳ್ಳುವವರು ಬಹಳ ಜನ. ಹಾಗೇನೂ ಇರಬೇಕಾಗಿಲ್ಲ. ಎರಡು ದಿನ ಸಮಾಧಾನದಿಂದ ಕೂತರೆ ನೂರು ಸಿಸಿ ಗಾಡಿ ಮೊದಲಿನ ಹಾಗೆ ಓಡುತ್ತದೆ. ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ, ಇರುವ ಗಾಡಿಗಳ ಬಗ್ಗೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್, ಅವುಗಳ ಮಾತು ಕೊನೆಗೆ ಸ್ವಲ್ಪ ಹೇಳುತ್ತೇನೆ.

ಗಾಡಿ ಎಲ್ಲಿ ನಿಂತಿತ್ತು ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಎಷ್ಟು ದಿನ ನಿಂತಿತ್ತು ಅನ್ನುವುದಕ್ಕಿಂತ ಇದು ಮುಖ್ಯ. ಇಂಡಿ, ಸಿಂದಗಿ, ಬಾಗಲಕೋಟೆ ಕಡೆಯ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಪೆಟ್ರೋಲ್ ಒಣಗಿ ಅಂಟಾಗಿರುತ್ತದೆ. ಟೈರು, ಪೈಪು, ರಬ್ಬರ್ ವಾಶರ್ ಎಲ್ಲ ಬಿರಿದಿರುತ್ತವೆ, ಎರೆ ಮಣ್ಣಿನ ಧೂಳು ಸಂದುಗೊಂದಿಗೆಲ್ಲ ಹೊಕ್ಕಿರುತ್ತದೆ. ಬೆಳಗಾವಿಯಿಂದ ಖಾನಾಪುರದ ಕಡೆ ಹೋದರೆ ಕತೆಯೇ ಬೇರೆ. ಅಲ್ಲಿ ಮಳೆ ಜಾಸ್ತಿ, ತೇವ ಜಾಸ್ತಿ, ಹಾಗಾಗಿ ಟಾಕಿಯ ಒಳಗೆ ತುಕ್ಕು, ಬ್ರೇಕ್ ಡ್ರಮ್ಮಿನಲ್ಲಿ ತುಕ್ಕು, ವೈರಿಂಗ್ ಕಪ್ಲರ್‌ಗಳಲ್ಲಿ ಹಸಿರು ಕಿಲುಬು. ಒಂದೇ ಮಾಡೆಲ್ ಗಾಡಿಯಾದರೂ ಈ ಎರಡು ಕಡೆಯಿಂದ ಬಂದರೆ ನೀವು ಮೊದಲು ಹುಡುಕಬೇಕಾದ ರೋಗ ಬೇರೆ ಬೇರೆ.

ಕೀ ಮುಟ್ಟುವುದಕ್ಕೆ ಮುಂಚೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ಹಳ್ಳಿಯಲ್ಲಿ ನಿಂತ ಗಾಡಿಯಾದರೆ ಇದನ್ನು ಮರೆಯಲೇಬೇಡಿ. ಇಲಿಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ: ಜೋಳದ ಹೊಟ್ಟು, ಹರಿದ ಅರಿವೆ, ಸೀಟಿನ ಸ್ಪಂಜು ಎಲ್ಲ ಅದರೊಳಗೆ ಸಿಗುತ್ತದೆ. ಅದನ್ನು ನೋಡದೆ ಎಂಜಿನ್ ತಿರುಗಿಸಿದರೆ ಆ ಕಸ ಕಾರ್ಬುರೇಟರ್ ಒಳಗೆ ಹೋಗುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಡೀಸೆಲ್‌ನಲ್ಲಿ ತೊಳೆದು, ಹಿಂಡಿ, ಒಣಗಿಸಿ, ಸ್ವಲ್ಪ ಎಂಜಿನ್ ಆಯಿಲ್ ಸವರಿ ಹಾಕಿ. ಸ್ಪಂಜು ಮುಟ್ಟಿದರೆ ಪುಡಿಯಾಗುತ್ತಿದ್ದರೆ, ಅಥವಾ ಅದು ಕಾಗದದ ಫಿಲ್ಟರ್ ಆಗಿದ್ದರೆ, ಹೊಸದು ತನ್ನಿ. ಇಲಿ ಇತ್ತು ಅಂದರೆ ವೈರು ಕಡಿದಿರುವ ಸಾಧ್ಯತೆಯೂ ಇದೆ, ಸೀಟು ತೆಗೆದು ವೈರಿಂಗ್ ಉದ್ದಕ್ಕೂ ಕಣ್ಣಾಡಿಸಿ. ಸೈಲೆನ್ಸರ್ ಬಾಯಿಗೂ ಟಾರ್ಚ್ ಹಿಡಿಯಿರಿ, ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ.

ಈಗ ಪೆಟ್ರೋಲ್. ಟಾಕಿಯ ಮುಚ್ಚಳ ತೆಗೆದು ವಾಸನೆ ನೋಡಿ. ತಾಜಾ ಪೆಟ್ರೋಲ್ ವಾಸನೆ ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಹಳೆಯದು ಹುಳಿಹುಳಿಯಾಗಿ, ವಾರ್ನಿಶ್ ವಾಸನೆ ಬರುತ್ತದೆ, ಬಣ್ಣ ಕಂದಾಗಿರುತ್ತದೆ. ಒಳಗೆ ನೋಡುವುದಕ್ಕೆ ಮೊಬೈಲ್ ಅಥವಾ ಎಲ್‌ಇಡಿ ಟಾರ್ಚ್ ಮಾತ್ರ. ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಆ ಕಡೆ ಸುಳಿಯಬಾರದು. ಖಾಲಿ ಕಾಣುವ ಟಾಕಿಯೂ ಹೊತ್ತಿಕೊಳ್ಳುತ್ತದೆ, ಯಾಕೆಂದರೆ ಹೊತ್ತಿಕೊಳ್ಳುವುದು ಪೆಟ್ರೋಲ್‌ನ ಆವಿ.

ಈಗ ಬಂಕ್‌ನಲ್ಲಿ ಸಿಗುವುದು ಎಥನಾಲ್ ಬೆರೆಸಿದ ಪೆಟ್ರೋಲ್, 20 ಪರ್ಸೆಂಟ್ ತನಕ. ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲೇ ಎಷ್ಟೋ ಎಥನಾಲ್ ತಯಾರಾಗುತ್ತದೆ. ದಿನಾ ಓಡುವ ಗಾಡಿಯಲ್ಲಿ ಅದು ತಿಂಗಳುಗಟ್ಟಲೆ ನಿಲ್ಲುವುದೇ ಇಲ್ಲ, ಆದರೆ ನಿಲ್ಲಿಸಿದ ಗಾಡಿಯ ಮಾತು ಬೇರೆ. ಎಥನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಅದು ಪೆಟ್ರೋಲ್‌ನಿಂದ ಬೇರೆಯಾಗಿ ಟಾಕಿಯ ತಳಕ್ಕೆ ಕೂರುತ್ತದೆ, ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಶರ್‌ಗಳೂ ಎಥನಾಲ್‌ಗೆ ಬೇಗ ಹಾಳಾಗುತ್ತವೆ. ಅದಕ್ಕೇ ಪೆಟ್ರೋಲ್ ಪೈಪನ್ನು ಕಣ್ಣು ಮುಚ್ಚಿ ಬದಲಿಸಿ. ಅದರ ಬೆಲೆ ಬಹಳ ಕಡಿಮೆ, ಬಿಸಿ ಎಂಜಿನ್ ಮೇಲೆ ಅದು ಸೋರಿದರೆ ಆಗುವ ಅನಾಹುತ ಬಹಳ ದೊಡ್ಡದು.

ಹಳೆಯ ಪೆಟ್ರೋಲನ್ನು ಪೂರ್ತಿ ಕ್ಯಾನಿಗೆ ಇಳಿಸಿ. ಹೊಸದರ ಜೊತೆ ಬೆರೆಸಿ ಮುಗಿಸಿಬಿಡೋಣ ಅನ್ನುವ ಆಸೆ ಬೇಡ. ಮೋರಿಗೆ, ಹೊಲಕ್ಕೆ ಚೆಲ್ಲಲೂ ಬೇಡಿ. ಗ್ಯಾರೇಜಿನವರು ಪಾರ್ಟ್ಸ್ ತೊಳೆಯಲು ಇಟ್ಟುಕೊಳ್ಳುತ್ತಾರೆ, ಅವರಿಗೆ ಕೊಡಿ.

ಟಾಕಿಯಲ್ಲಿ ತುಕ್ಕು ಕಂಡರೆ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಸಮೇತ ಬಿಚ್ಚಿ ಕೆಳಗಿಳಿಸಿ, ಕಾಕ್ ತೆಗೆದ ತೂತಿಗೆ ಗಟ್ಟಿಯಾಗಿ ಬಿರಡೆ ಹಾಕಿ. ಒಳಗಿನ ಪೆಟ್ರೋಲ್ ವಾಸನೆ ಹೋಗುವಂತೆ ಸೋಪಿನ ನೀರಲ್ಲಿ ತೊಳೆಯಿರಿ. ಆಮೇಲೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್ ಹರಳನ್ನು, ಬಿಸಿ ನೀರಿನಲ್ಲಿ ಕರಗಿಸಿ ತುಂಬಿ ಒಂದು ರಾತ್ರಿ ಬಿಡಿ. ಬೆಳಗ್ಗೆ ನೀರು ಕಂದಾಗಿರುತ್ತದೆ, ಒಳಗಿನ ತಗಡು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಆ ನೀರು ಚೆಲ್ಲಿ, ಅಡುಗೆ ಸೋಡಾ ಹಾಕಿದ ನೀರಲ್ಲಿ ಒಮ್ಮೆ, ಬರೀ ನೀರಲ್ಲಿ ಒಮ್ಮೆ ತೊಳೆದು ತಕ್ಷಣ ಒಣಗಿಸಬೇಕು. ಈ ತಕ್ಷಣ ಅನ್ನುವುದೇ ಮುಖ್ಯ, ಯಾಕೆಂದರೆ ತೊಳೆದ ತಗಡು ನೋಡನೋಡುತ್ತ ಮತ್ತೆ ತುಕ್ಕು ಹಿಡಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಈ ಕೆಲಸ ಇಟ್ಟುಕೊಂಡರೆ ನಮ್ಮ ಬಿಸಿಲೇ ಅರ್ಧ ಕೆಲಸ ಮಾಡಿಕೊಡುತ್ತದೆ. ಒಣಗಿದ ಮೇಲೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಟಾಕಿಯನ್ನು ಎಲ್ಲ ಕಡೆ ಅಲುಗಾಡಿಸಿ ಸುರಿದುಬಿಡಿ. ತಳದಲ್ಲಿ ಬೆವರಿದ ಹಾಗೆ ಪೆಟ್ರೋಲ್ ಜಿನುಗುತ್ತಿದ್ದರೆ ತುಕ್ಕು ತಗಡನ್ನೇ ತಿಂದಿದೆ ಅಂತ ಅರ್ಥ, ಅಂಥ ಟಾಕಿ ಬೇಡ.

ಟಾಕಿ ಒಣಗುವಷ್ಟರಲ್ಲಿ ಎಂಜಿನ್ ಕಡೆ ಬನ್ನಿ. ಸ್ಪಾರ್ಕ್ ಪ್ಲಗ್ ಸುತ್ತಲಿನ ಧೂಳನ್ನು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಪ್ಲಗ್ ಬಿಚ್ಚಿದ ಕೂಡಲೇ ಅದು ಒಳಗೆ ಬೀಳುತ್ತದೆ. ಪ್ಲಗ್ ತೆಗೆದು ಆ ತೂತಿನಲ್ಲಿ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಸ್ವಚ್ಛ ಅರಿವೆಯಿಂದ ಬಾಯಿ ಮುಚ್ಚಿ ರಾತ್ರಿಯಿಡೀ ಬಿಡಿ. ಬಹಳ ದಿನ ನಿಂತ ಎಂಜಿನ್‌ನಲ್ಲಿ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಯೆಲ್ಲ ಇಳಿದುಹೋಗಿ ಒಣಗಿರುತ್ತದೆ. ಹಾಗೇ ಕಿಕ್ ಹೊಡೆದರೆ ಪಿಸ್ಟನ್ ರಿಂಗ್ ಆ ಒಣ ಗೋಡೆಯನ್ನು ಗೀರುತ್ತದೆ. ಆ ಗೀರು ಮುಂದೆ ಎಣ್ಣೆ ಸುಡುವ ಹೊಗೆಯಾಗಿ ಕಾಣಿಸುತ್ತದೆ, ಆಗ ಸಿಲಿಂಡರ್ ಕೊರೆಸಿ ಬೋರ್ ಮಾಡಿಸದೆ ದಾರಿ ಇರುವುದಿಲ್ಲ. ಒಂದು ಚಮಚ ಎಣ್ಣೆ ಅದನ್ನು ತಪ್ಪಿಸುತ್ತದೆ.

ಮರುದಿನ ಕೀ ಆಫ್ ಇರಲಿ, ಪ್ಲಗ್ ಹೊರಗೇ ಇರಲಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಗಾಲಿಯನ್ನು ಕೈಯಿಂದ ನಿಧಾನಕ್ಕೆ ಮುಂದಕ್ಕೆ ತಿರುಗಿಸಿ. ಎಂಜಿನ್ ಮೆತ್ತಗೆ ತಿರುಗಿದರೆ ನ್ಯೂಟ್ರಲ್‌ಗೆ ತಂದು, ಕಿಕ್ಕರ್ ಮೇಲೆ ಕಾಲಿಟ್ಟು ಕೆಲವು ಸಲ ಸಾವಕಾಶವಾಗಿ ಒತ್ತಿ. ತಿರುಗದೇ ಇದ್ದರೆ ಬಲ ಹಾಕಬೇಡಿ. ಇನ್ನಷ್ಟು ತೆಳು ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯಿರಿ. ಗೆಳೆಯರನ್ನು ಕರೆದು ದಬ್ಬಿಸಿ ಗೇರಿಗೆ ಹಾಕುವುದು, ಇಳಿಜಾರಲ್ಲಿ ಬಿಡುವುದು, ಇವೆಲ್ಲ ಕನೆಕ್ಟಿಂಗ್ ರಾಡ್ ಬಗ್ಗಿಸುವ ಕೆಲಸ.

ಎಂಜಿನ್ ಆಯಿಲ್ ಹೇಗೂ ಬದಲಿಸಬೇಕು, ಎಷ್ಟೇ ಸ್ವಚ್ಛ ಕಂಡರೂ ಸರಿ. ಇಳಿಸಿದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ ಅಂತ ಗೊತ್ತಾಗುತ್ತದೆ. ಅಂಥದ್ದಾದರೆ ಹೊಸ ಎಣ್ಣೆ ಹಾಕಿ, ಗಾಡಿ ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಬೇಕು. ಯಾವ ಗ್ರೇಡ್ ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಡಬ್ಬಿಯ ಮೇಲೆ ಜೆಎಎಸ್‌ಒ ಎಂಎ (JASO MA, ಬೈಕಿನ ಎಣ್ಣೆಯ ಗುರುತು) ಅಂತ ಇರುವುದನ್ನು ನೋಡಿಕೊಳ್ಳಿ. ಮನೆಯಲ್ಲಿ ಕಾರಿನ ಎಣ್ಣೆ ಉಳಿದಿದೆ ಅಂತ ಸುರಿಯಬೇಡಿ. ನಮ್ಮ ಬೈಕುಗಳ ಕ್ಲಚ್ ಪ್ಲೇಟ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಕಾರಿನ ಎಣ್ಣೆಗೆ ಅದು ಜಾರುತ್ತದೆ. ಅಳತೆ ಡಿಪ್‌ಸ್ಟಿಕ್‌ನ ಎರಡು ಗೆರೆಗಳ ನಡುವೆ ಇರಲಿ. ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ.

ಪ್ಲಗ್ ಹಳೆಯದಿದ್ದರೆ ಹೊಸದೇ ಹಾಕಿ. ಹಳೆಯ ನೂರು ಸಿಸಿ ಹೀರೊ ಹೋಂಡಾಗಳಲ್ಲಿ ಗ್ಯಾಪ್, ಅಂದರೆ ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಸಂದು, 0.6ರಿಂದ 0.7 ಮಿ.ಮೀ. ಬ್ಯಾಟರಿ ಬಗ್ಗೆ ಎರಡೇ ಮಾತು. ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ, ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸೇ ನಿಂತರೆ ಒಂದು ಸೆಲ್ ಸತ್ತಿದೆ, ಬದಲಿಸಿ. ಹಳೆಯ ಸ್ಪ್ಲೆಂಡರ್‌ಗಳು ಬ್ಯಾಟರಿ ಸತ್ತಿದ್ದರೂ ಕಿಕ್‌ಗೆ ಸ್ಟಾರ್ಟ್ ಆಗುತ್ತವೆ, ಎಲ್ಲ ಗಾಡಿಗಳೂ ಹಾಗಲ್ಲ.

ಇನ್ನು ಕಾರ್ಬುರೇಟರ್. ನಿಂತ ಗಾಡಿಯ ರೋಗಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಇರುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಮ್ಮ ಓಣಿಯ ಹುಡುಗನೊಬ್ಬ ಊರಿಂದ ಅವರಪ್ಪನ ಸ್ಪ್ಲೆಂಡರ್ ತಂದಿದ್ದ. "ಕಾಕಾ, ಗಾಡಿ ಚಾಲೂ ಆಗತೈತ್ರಿ, ಆದ್ರ ಚೋಕ್ ಬಿಟ್ಟಕೂಡ್ಲೆ ಬಂದ್ ಆಗತೈತಿ" ಅಂದ. ಪ್ಲಗ್ ಬದಲಿಸಿದ್ದ, ಐಡಲ್ ಸ್ಕ್ರೂ ತಿರುಗಿಸಿದಷ್ಟೂ ತಿರುಗಿಸಿದ್ದ. ಅವನು ಹೇಳಿದ ಆ ಒಂದು ಮಾತಿನಲ್ಲೇ ರೋಗ ಗೊತ್ತಾಗಿತ್ತು. ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ, ಬೇರೆ ದಾರಿಯಿಂದ ಪೆಟ್ರೋಲ್ ಜಾಸ್ತಿ ಎಳೆದುಕೊಂಡು ಎಂಜಿನ್ ಬದುಕುತ್ತದೆ. ಚೋಕ್ ಬಿಟ್ಟಾಗ ಐಡಲ್‌ಗೆ ಪೆಟ್ರೋಲ್ ಕೊಡಬೇಕಾದ್ದು ಪೈಲಟ್ ಜೆಟ್ ಅನ್ನುವ ಸಣ್ಣ ತೂತಿನ ಭಾಗ. ಅದು ಕಟ್ಟಿಕೊಂಡಿದ್ದರೆ ಎಂಜಿನ್ ನಿಲ್ಲುತ್ತದೆ.

ಕಾರ್ಬುರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಬಿಚ್ಚಿದೆವು. ತಳದಲ್ಲಿ ಹಸಿರು ಮಿಶ್ರಿತ ಕಂದು ಅಂಟು, ಉಗುರಿಂದ ಕೆರೆದರೆ ಮೇಣದ ತರಹ ಏಳುತ್ತಿತ್ತು. ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಭಾಗ) ತೆಗೆದು, ಮಧ್ಯದ ಮೇನ್ ಜೆಟ್ ಬಿಚ್ಚಿ, ಅದರ ಪಕ್ಕ ಆಳದಲ್ಲಿ ಕೂತ ಸಣ್ಣ ಹಿತ್ತಾಳೆ ಪೈಲಟ್ ಜೆಟ್ಟನ್ನು ಸರಿಯಾದ ಅಳತೆಯ ಸ್ಕ್ರೂ ಡ್ರೈವರ್‌ನಿಂದ ಬಿಚ್ಚಿ ಹೊರಗೆ ತಂದು, ಅವನ ಕೈಗೆ ಕೊಟ್ಟು ಆಕಾಶಕ್ಕೆ ಹಿಡಿದು ನೋಡು ಅಂದೆ. ತೂತಿನಲ್ಲಿ ಬೆಳಕೇ ಇಲ್ಲ. ಕಾರ್ಬುರೇಟರ್ ಕ್ಲೀನರ್ ಹೊಡೆದು ಅರ್ಧ ತಾಸು ನೆನೆಸಿಟ್ಟು, ಪಂಕ್ಚರ್ ಅಂಗಡಿಗೆ ಹೋಗಿ ಕಂಪ್ರೆಸರ್ ಗಾಳಿ ಹೊಡೆಸಿಕೊಂಡು ಬಂದ ಮೇಲೆ ಮತ್ತೆ ಹಿಡಿದು ನೋಡಿದಾಗ, ಕೂದಲೆಳೆಯಷ್ಟು ಸಣ್ಣ, ದುಂಡನೆಯ ಬೆಳಕಿನ ಚುಕ್ಕೆ ಕಂಡಿತು. ಅಷ್ಟು ಸಣ್ಣ ತೂತಿನಿಂದಲೇ ಐಡಲ್ ಪೂರ್ತಿ ನಡೆಯುವುದು. ಚುಕ್ಕೆ ದುಂಡಗೆ ಕಾಣಬೇಕು, ಅರ್ಧಚಂದ್ರದಂತೆ ಕಂಡರೆ ಇನ್ನೂ ಅಂಟು ಉಳಿದಿದೆ.

ಸೂಜಿ, ಪಿನ್ನು, ಸ್ಟೀಲ್ ತಂತಿ ಹಾಕಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಒಂದಿಷ್ಟು ದೊಡ್ಡದಾದರೂ ಗಾಡಿ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಮೈಲೇಜ್ ಬಿದ್ದುಹೋಗುತ್ತದೆ. ತೀರಾ ಹೋಗದಿದ್ದರೆ ವೈರಿನ ಒಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು. ಅದಕ್ಕೂ ಬಗ್ಗದಿದ್ದರೆ ಅದೇ ನಂಬರಿನ ಹೊಸ ಜೆಟ್ ತನ್ನಿ, ಜೆಟ್ ಮೇಲೆಯೇ ನಂಬರ್ ಕೆತ್ತಿರುತ್ತಾರೆ. ಜೆಟ್ ಜೊತೆಗೆ ಕಾರ್ಬುರೇಟರ್ ಮೈಯಲ್ಲಿರುವ ದಾರಿಗಳಿಗೂ ಗಾಳಿ ಹೊಡೆಸಬೇಕು, ಬರೀ ಜೆಟ್ ತೊಳೆದು ಹಾಕಿದರೆ ಅರ್ಧ ಕೆಲಸ ಅಷ್ಟೇ. ಪಲ್ಸರ್‌ನಂಥ ಗಾಡಿಗಳಲ್ಲಿ ಕಾರ್ಬುರೇಟರ್ ಮೇಲ್ಗಡೆ ರಬ್ಬರ್ ಡಯಾಫ್ರಾಮ್ ಇರುತ್ತದೆ. ಕ್ಲೀನರ್ ಮತ್ತು ಗಾಳಿ ಹೊಡೆಯುವ ಮುಂಚೆ ಅದನ್ನು ಹುಷಾರಾಗಿ ತೆಗೆದಿಡಿ.

ಇನ್ನೊಂದು ಸ್ಕ್ರೂ ಇದೆ, ಏರ್ ಸ್ಕ್ರೂ ಅಥವಾ ಮಿಕ್ಸ್ಚರ್ ಸ್ಕ್ರೂ. ಅದನ್ನು ಬಿಚ್ಚುವ ಮುಂಚೆ ಮೆತ್ತಗೆ ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ತಳ ಮುಟ್ಟಿತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ, ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ ತನ್ನಿ. ತಳ ಮುಟ್ಟಿದ ಮೇಲೆ ಬಿಗಿಯಬೇಡಿ, ಅದರ ತುದಿ ಚೂಪು, ಮುರಿದರೆ ಕಾರ್ಬುರೇಟರ್ರೇ ಹೋದಂತೆ. ಬೌಲ್ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಹೊಸದು ಹಾಕಿ. ಜೋಡಿಸಿದ ಮೇಲೆ ಕಾಕ್ ಬಿಟ್ಟು ಐದು ನಿಮಿಷ ನೋಡಿ. ಪೆಟ್ರೋಲ್ ಓವರ್‌ಫ್ಲೋ ಪೈಪಿನಿಂದ ಸೋರಿದರೆ, ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸರಿಯಾಗಿ ಕೂರುತ್ತಿಲ್ಲ.

ಈಗ ಸ್ಟಾರ್ಟ್ ಮಾಡಬಹುದು. ಗಾಡಿಯನ್ನು ಬಯಲಿಗೆ ತನ್ನಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ತಾಜಾ ಪೆಟ್ರೋಲ್, ಪೂರ್ತಿ ಚೋಕ್, ಆಕ್ಸಿಲರೇಟರ್ ಮುಟ್ಟದೆ ಕಿಕ್. ಸ್ಟಾರ್ಟ್ ಆದಾಗ ಬರುವ ಹೊಗೆಗೆ ಗಾಬರಿಯಾಗಬೇಡಿ, ನೀವು ಬಿಟ್ಟ ಆ ಒಂದು ಚಮಚ ಎಣ್ಣೆ ಸುಡುತ್ತಿದೆ. ಕೆಲವು ನಿಮಿಷದಲ್ಲಿ ನಿಲ್ಲಬೇಕು. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಲೇ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಅದು ಮಿಸ್ತ್ರಿಯ ಕೆಲಸ. ತಣ್ಣಗಿನ ಎಂಜಿನ್‌ಗೆ ಭರ್ ಭರ್ ಅಂತ ರೇಸ್ ಕೊಡುವುದು ಬೇಡವೇ ಬೇಡ. ಮೇಲಿನ ತನಕ ಎಣ್ಣೆ ಏರಲು ಸಮಯ ಬೇಕು.

ಬಿಸಿಯಾದ ಮೇಲೆ ಐಡಲ್ ಹೊಂದಿಸಿ. ಸ್ಪ್ಲೆಂಡರ್‌ಗೆ ಸುಮಾರು 1400 ಆರ್‌ಪಿಎಂ. ಮೀಟರ್ ಇಲ್ಲದಿದ್ದರೆ ಕಿವಿಯೇ ಸಾಕು. ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಆಚೀಚೆ ತಿರುಗಿಸಿ ಎಂಜಿನ್ ಎಲ್ಲಿ ಜೋರಾಗಿ, ಒಂದೇ ಸಮನೆ ಓಡುತ್ತದೋ ಅಲ್ಲಿ ಬಿಡಿ, ಆಮೇಲೆ ಐಡಲ್ ಸ್ಕ್ರೂನಿಂದ ವೇಗ ಇಳಿಸಿ. ಐಡಲ್ ಸರಿ ಇದ್ದು ಆಕ್ಸಿಲರೇಟರ್ ಕೊಟ್ಟಾಗ ಕೆಮ್ಮಿದರೆ ಮೇನ್ ಜೆಟ್ ನೋಡಿ, ಇಲ್ಲವೇ ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರಿದು ಗಾಳಿ ಎಳೆಯುತ್ತಿದೆಯಾ ನೋಡಿ. ನಮ್ಮ ಬಿಸಿಲಿನ ಗಾಡಿಗಳಲ್ಲಿ ಈ ಬಿರುಕು ಬಹಳ ಸಾಮಾನ್ಯ.

ಕ್ಲಚ್ ಹಿಡಿದು ಗೇರ್ ಹಾಕಿದ ಕೂಡಲೇ ಗಾಡಿ ನೆಗೆದು ಬಂದ್ ಆದರೆ ಕ್ಲಚ್ ಪ್ಲೇಟ್‌ಗಳು ಒಂದಕ್ಕೊಂದು ಅಂಟಿವೆ. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಗೇರಿನಲ್ಲೇ ಕ್ಲಚ್ ಹಿಡಿದುಕೊಂಡು ಗಾಡಿಯನ್ನು ಹಿಂದೆ ಮುಂದೆ ಜಗ್ಗಿ. ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತವೆ.

ಎಂಜಿನ್ ಹಾಡತೊಡಗಿದ ಕೂಡಲೇ ಒಂದು ರೌಂಡ್ ಹೋಗಿ ಬರೋಣ ಅನ್ನಿಸುತ್ತದೆ, ಅಲ್ವಾ? ಬ್ರೇಕ್ ನೋಡದೆ ಗೇಟು ದಾಟಬೇಡಿ. ಓಡದ ಗಾಡಿಯಿಂದ ಯಾರಿಗೂ ಅಪಾಯವಿಲ್ಲ, ನಿಲ್ಲದ ಗಾಡಿಯಿಂದ ಇದೆ. ಎರಡೂ ಗಾಲಿ ಬಿಚ್ಚಿ ಡ್ರಮ್ ಒಳಗಿನ ತುಕ್ಕನ್ನು ಪಾಲಿಶ್ ಪೇಪರ್‌ನಿಂದ ಉಜ್ಜಿ, ಲೈನರ್ (ಬ್ರೇಕ್ ಶೂ ಮೇಲೆ ಅಂಟಿಸಿದ ಪಟ್ಟಿ) ಸವೆದಿದ್ದರೆ ಅಥವಾ ಶೂನಿಂದ ಬಿಟ್ಟುಕೊಂಡಿದ್ದರೆ ಹೊಸದು ಹಾಕಿ. ಶೂಗಳನ್ನು ಅಗಲಿಸುವ ಕ್ಯಾಮ್‌ಗೆ ಚೂರೇ ಚೂರು ಗ್ರೀಸ್, ಲೈನರಿಗೆ ತಾಗದಂತೆ. ಡಿಸ್ಕ್ ಬ್ರೇಕ್ ಆದರೆ ಹಳೆಯ ಫ್ಲೂಯಿಡ್ ಪೂರ್ತಿ ತೆಗೆದು, ಮುಚ್ಚಳದ ಮೇಲೆ ಬರೆದಿರುವ ಡಾಟ್ (DOT) ನಂಬರಿನದ್ದೇ ಹಾಕಿ ಪೈಪಿನೊಳಗಿನ ಗಾಳಿ ತೆಗೆಯಿಸಿ. ಆ ಫ್ಲೂಯಿಡ್ ಕೂಡ ತೇವ ಎಳೆದುಕೊಳ್ಳುತ್ತದೆ, ಪೇಂಟಿನ ಮೇಲೆ ಬಿದ್ದರೆ ಪೇಂಟನ್ನೂ ತಿನ್ನುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾದ ಟೈರು. ಟೈರಿನ ಮೇಲಿನ ಗೀರುಗಳು ಆಳವಾಗಿಯೇ ಇರಬಹುದು, ಆದರೆ ಪಕ್ಕದ ರಬ್ಬರ್ ಬಿರಿದಿದ್ದರೆ ಬದಲಿಸಲೇಬೇಕು. ಮೇ ತಿಂಗಳ ಮಧ್ಯಾಹ್ನ ಸೋಲಾಪುರ ಹೈವೇ ಮೇಲೆ ಅಂಥ ಟೈರು ಒಡೆದರೆ ಏನಾಗುತ್ತದೆ ಯೋಚಿಸಿ. ಟ್ಯೂಬನ್ನೂ ಜೊತೆಗೇ ಬದಲಿಸಿ. ಚೈನನ್ನು ಡೀಸೆಲ್‌ನಲ್ಲಿ ತೊಳೆದು ಎಣ್ಣೆ ಹಾಕಿ, ಮಧ್ಯದಲ್ಲಿ ಎರಡು ಮೂರು ಸೆಂ.ಮೀ. ಸಡಿಲ ಇರಲಿ. ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳಿಗೆ ಮೇಲಿನಿಂದ ಹನಿ ಹನಿ ಎಣ್ಣೆ ಬಿಡಿ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ತಾನೇ ಟಕ್ ಅಂತ ವಾಪಸ್ ಬರಬೇಕು.

ಇಂಜೆಕ್ಷನ್ ಗಾಡಿಗಳ ಮಾತು ಚಿಕ್ಕದು. ಅದರಲ್ಲಿ ಬ್ಯಾಟರಿ ಗಟ್ಟಿ ಇರಲೇಬೇಕು, ಕೀ ಆನ್ ಮಾಡಿದಾಗ ಟಾಕಿಯಿಂದ ಪಂಪಿನ ಸಣ್ಣ ಗುಂಯ್ ಸದ್ದು ಕೇಳಬೇಕು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ಪಂಪು. ಇಂಜೆಕ್ಟರ್ ಕಟ್ಟಿದ್ದರೆ ಅದನ್ನು ತೊಳೆಯುವ ಮಷೀನ್ ಇರುವ ಕಡೆಗೇ ಒಯ್ಯಿರಿ.

ಮೊದಲ ವಾರ ಊರೊಳಗೇ ಓಡಿಸಿ. ಜೇಬಲ್ಲಿ ಒಂದು ಪ್ಲಗ್ಗು, ಪ್ಲಗ್ ಪಾನಾ ಇರಲಿ. ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಎಂಜಿನ್ ಆಯಿಲ್ ಇನ್ನೊಮ್ಮೆ ಬದಲಿಸಿ, ವರ್ಷಗಟ್ಟಲೆ ಒಳಗೆ ಕೂತ ಕೊಳೆಯೆಲ್ಲ ಆ ಎಣ್ಣೆಯಲ್ಲೇ ಬರುತ್ತದೆ. ಪ್ಲಗ್ ಬಿಚ್ಚಿ ತುದಿ ನೋಡಿ: ತಿಳಿ ಕಂದು ಇದ್ದರೆ ಸರಿ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ.

ಕೊಳ್ಳುವ ಗಾಡಿಯಾದರೆ ಇಷ್ಟೆಲ್ಲ ಖರ್ಚು ಮಾಡುವ ಮುಂಚೆಯೇ ಆರ್‌ಸಿ ತೆರೆದು ನೋಡಿ. ನೋಂದಣಿಯಾಗಿ 15 ವರ್ಷ ದಾಟಿದ್ದರೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ನವೀಕರಣ ಮಾಡಿಸಬೇಕು, ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30ಕ್ಕೆ ಮಾಲೀಕರ ಸಹಿ ಬೇಕು, ಅವರು ದುಡಿಯೋಕೆ ಪರ ಊರಿಗೆ ಹೋಗಿದ್ದರೆ ಹಬ್ಬಕ್ಕೆ ಊರಿಗೆ ಬಂದಾಗಲೇ ಹಾಕಿಸಿಕೊಳ್ಳಿ. ವಿಜಯಪುರದ ಕೆಎ 28, ಬಾಗಲಕೋಟೆಯ ಕೆಎ 29, ಬೆಳಗಾವಿಯ ಕೆಎ 22 ನಂಬರಿನ ಗಾಡಿಯಾದರೆ ಇಷ್ಟೇ. ಸೋಲಾಪುರದ ಎಂಎಚ್ 13, ಕೊಲ್ಹಾಪುರದ ಎಂಎಚ್ 09 ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ತೆರಿಗೆ ಬೇರೆ ಕಟ್ಟಬೇಕು. ಆ ಲೆಕ್ಕವನ್ನೂ ಗಾಡಿಯ ರೇಟಿಗೆ ಸೇರಿಸಿಯೇ ಮಾತಾಡಿ.